ಪೊಲೀಸರಿಗಾಗಿ ಹೆಲ್ಮೆಟ್ ಹಾಕಬೇಡಿ, ದಂಡಕ್ಕೆ ಹೆದರಿ ಲಿಂಕ್ ಒತ್ತಬೇಡಿ!

ಓದಿ. ಓದಿಸಿ. ಓದಿದ ಮೇಲೆ ರಸ್ತೆಗೆ ಎಸೆಯದೆ ಪಕ್ಕದವರ ಕೈಗೆ ಕೊಡಿ.

ಬೈಕು, ಸ್ಕೂಟರ್, ಕಾರು ಓಡಿಸುವ ಬಂಧುಗಳೇ, ಆಟೊ, ಕ್ಯಾಬ್, ಗೂಡ್ಸ್ ಗಾಡಿ ನಂಬಿ ಬದುಕುವ ಅಣ್ಣಂದಿರೇ, ಮಕ್ಕಳನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಓಡುವ ಅಕ್ಕಂದಿರೇ,

ಸರ್ಕಲ್‌ನಲ್ಲಿ ಬಿಳಿ ಅಂಗಿ, ಖಾಕಿ ಪ್ಯಾಂಟು ಕಂಡ ಕೂಡಲೇ ಟ್ಯಾಂಕಿನ ಮೇಲಿದ್ದ ಹೆಲ್ಮೆಟ್ ತಲೆಗೇರುತ್ತದೆ. ಸರ್ಕಲ್ ದಾಟಿದ್ದೇ ತಡ, ಮತ್ತೆ ಟ್ಯಾಂಕಿಗೆ ಇಳಿಯುತ್ತದೆ. ಕಾರಿನಲ್ಲಿ ಕೂತವರು ಸೀಟ್ ಬೆಲ್ಟನ್ನು ಬಕಲ್‌ಗೆ ಸಿಕ್ಕಿಸದೆ ಎದೆಯ ಮೇಲೆ ಎಳೆದು ಹಿಡಿದು, ಪೊಲೀಸರು ಮರೆಯಾದ ಮೇಲೆ ಕೈ ಬಿಡುತ್ತಾರೆ. ಇಷ್ಟು ಚಾಲಾಕಿ ಇರುವ ನಾವೇ, ‘ನಿಮ್ಮ ಗಾಡಿಗೆ ದಂಡ ಬಿದ್ದಿದೆ, ಇವತ್ತೇ ಕಟ್ಟದಿದ್ದರೆ ಕೋರ್ಟ್ ಕೇಸ್’ ಎಂದು ಮೊಬೈಲಿಗೆ ಒಂದು ಮೆಸೇಜ್ ಬಂದರೆ ಬೆವತುಹೋಗುತ್ತೇವೆ. ಯಾರು ಕಳಿಸಿದ್ದು, ಯಾವ ನಂಬರು ಎಂದು ನೋಡುವಷ್ಟೂ ತಾಳ್ಮೆ ಇರುವುದಿಲ್ಲ. ಒತ್ತಿಬಿಡುತ್ತೇವೆ. ಖಾತೆ ಖಾಲಿ.

ಮೊದಲನೆಯದು ಜೀವ ತೆಗೆಯುತ್ತದೆ, ಎರಡನೆಯದು ದುಡ್ಡು ತೆಗೆಯುತ್ತದೆ. ಎರಡಕ್ಕೂ ಕಾರಣ ಒಂದೇ: ನಮಗೆ ದಂಡದ ಭಯ ಇದೆ, ಕಾನೂನಿನ ತಿಳಿವಳಿಕೆ ಇಲ್ಲ. ಭಯಕ್ಕೆ ಹಾಕಿದ ಹೆಲ್ಮೆಟ್ ಪಟ್ಟಿ ಬಿಗಿಯದ ಹೆಲ್ಮೆಟ್. ಭಯಕ್ಕೆ ಒತ್ತಿದ ಲಿಂಕ್ ಕಳ್ಳನಿಗೆ ಕೊಟ್ಟ ಬೀಗದ ಕೈ. ಹೆದರುವುದನ್ನು ಬಿಡೋಣ, ತಿಳಿದುಕೊಳ್ಳೋಣ. ಈ ಕರಪತ್ರ ಅದಕ್ಕೇ.

■ ಮೊದಲು ತಲೆ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಹೆಲ್ಮೆಟ್ ಹಾಕದೆ ಸತ್ತವರೇ 50 ಸಾವಿರಕ್ಕೂ ಹೆಚ್ಚು. ಅವರಲ್ಲಿ 14 ಸಾವಿರಕ್ಕೂ ಹೆಚ್ಚು ಮಂದಿ ಹಿಂದೆ ಕೂತಿದ್ದವರು. ‘ಹಿಂದಿನ ಸೀಟಿಗೆ ಯಾಕ್ರೀ ಹೆಲ್ಮೆಟ್ಟು’ ಎಂದು ಕೇಳುವವರಿಗೆ ಈ ಸಂಖ್ಯೆಯೇ ಉತ್ತರ. ಸೀಟ್ ಬೆಲ್ಟ್ ಹಾಕದೆ ಸತ್ತವರು 16 ಸಾವಿರಕ್ಕೂ ಹೆಚ್ಚು. ಅವರಲ್ಲಿ ಅರ್ಧದಷ್ಟು ಜನ ಸ್ಟೀರಿಂಗ್ ಹಿಡಿದವರಲ್ಲ, ಜೊತೆಯಲ್ಲಿ ಕೂತಿದ್ದವರು. ಮರುವರ್ಷ, 2023ರಲ್ಲಿ, ದೇಶದ ಸಾವಿನ ಸಂಖ್ಯೆ 1,72,890ಕ್ಕೆ ಏರಿತು.

ಹೆಲ್ಮೆಟ್ ಇಲ್ಲದಿದ್ದರೆ ನಮ್ಮ ರಾಜ್ಯದಲ್ಲಿ ದಂಡ 500 ರೂಪಾಯಿ. ಆ 500 ಉಳಿಸಲು ಫುಟ್‌ಪಾತ್‌ನಲ್ಲಿ ಮಾರುವ ಅರ್ಧ ಹೆಲ್ಮೆಟ್ ಕೊಂಡು, ಕಿವಿಯ ಮೇಲೆ ಬೋಗುಣಿಯಂತೆ ಕವುಚಿಕೊಂಡು ಓಡಾಡುತ್ತೇವೆ. ಪೊಲೀಸರ ಕಣ್ಣಿಗೆ ಮಣ್ಣೆರಚಬಹುದು, ಡಾಂಬರಿಗೆ ಎರಚಲಾಗದು. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಕೊಳ್ಳುವಾಗ ಒಳಗೆ ಕೈಯಿಟ್ಟು ನೋಡಿ: ಗಟ್ಟಿ ಥರ್ಮಾಕೋಲ್ ಪದರ ಇರಬೇಕು, ಗಲ್ಲದ ಪಟ್ಟಿ ಇರಬೇಕು, ಕಿವಿ ಮುಚ್ಚಬೇಕು. ಹಾಕಿಕೊಂಡ ಮೇಲೆ ಪಟ್ಟಿ ಬಿಗಿಯಿರಿ. ಪಟ್ಟಿ ಬಿಗಿಯದ ಹೆಲ್ಮೆಟ್ ಗಾಡಿ ಬೀಳುವ ಮೊದಲೇ ತಲೆ ಬಿಟ್ಟು ಹಾರಿರುತ್ತದೆ.

ವೇಗದ ಲೆಕ್ಕವೂ ಸರಳ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಗಾಡಿ ಜಾರುವ ದೂರ ನಾಲ್ಕು ಪಟ್ಟು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ಫೋನ್ ನೋಡಿದರೆ ಗಾಡಿ 50 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟು ದೂರ ನೀವು ಕಣ್ಣು ಮುಚ್ಚಿ ಓಡಿಸಿದ್ದೀರಿ ಎಂದೇ ಅರ್ಥ. ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ವರ್ಷವೇ ಸಾವಿನ ಸರಮಾಲೆ. ಆ ಆಗಸ್ಟ್ 1ರಿಂದ ಬೈಕು, ಆಟೊಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು, ವೇಗ ಹಿಡಿಯುವ ಕ್ಯಾಮೆರಾ ಬಂದವು, ಸಾವು ಇಳಿಯಿತು. ರಸ್ತೆ ಅದೇ. ಬದಲಾದದ್ದು ಅದರಲ್ಲಿ ಓಡುವ ಗಾಡಿಗಳು ಮತ್ತು ಆಕ್ಸಿಲರೇಟರ್ ಮೇಲಿನ ಕಾಲು.

ಇನ್ನು ಟ್ಯೂಷನ್‌ಗೆಂದು ಮಗನ ಕೈಗೆ ಸ್ಕೂಟರ್ ಕೀ ಕೊಡುವ ತಂದೆತಾಯಿಗೆ ಒಂದು ಮಾತು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಹೇಳುವುದಿಷ್ಟು: ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಮುದ್ದು ಮಾಡಿ ಕೊಟ್ಟ ಕೀ ಇಡೀ ಮನೆಯನ್ನು ಕೋರ್ಟ್ ಮೆಟ್ಟಿಲು ಹತ್ತಿಸುತ್ತದೆ.

■ ಆಮೇಲೆ ಜೇಬು: ಸುಳ್ಳು ಚಲನ್ ಹೇಗೆ ಕೆಲಸ ಮಾಡುತ್ತದೆ

2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ವ್ಯವಸ್ಥೆ ಶುರುವಾಯಿತು. ಕೈ ಅಡ್ಡ ಹಾಕುವ ಪೊಲೀಸರ ಬದಲು ಮೊಬೈಲಿಗೆ ಬರುವ ಮೆಸೇಜೇ ದಂಡದ ಚೀಟಿಯಾಯಿತು. 2023ರ ಫೆಬ್ರುವರಿಯಲ್ಲಿ, ಮತ್ತೆ 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಸಿಕ್ಕಾಗ ಜನ ಮುಗಿಬಿದ್ದು ಕಟ್ಟಿದರು. ನಮ್ಮಲ್ಲಿ ಬಹಳಷ್ಟು ಮಂದಿಯ ಗಾಡಿ ಮೇಲೆ ಯಾವುದೋ ಒಂದು ದಂಡ ಬಾಕಿ ಇದ್ದೇ ಇರುತ್ತದೆ. ಕಳ್ಳನಿಗೆ ಬೇಕಾದದ್ದೂ ಅದೇ.

ಅವನ ಕೈಚಳಕ ನೋಡಿ. ವಾಟ್ಸ್ಆ್ಯಪ್‌ಗೆ ಒಂದು ಮೆಸೇಜ್ ಬರುತ್ತದೆ. ಪ್ರೊಫೈಲ್ ಚಿತ್ರದಲ್ಲಿ ಸರ್ಕಾರಿ ಲಾಂಛನ. ಒಳಗೆ ನಿಮ್ಮದೇ ಗಾಡಿ ನಂಬರು, ಒಂದು ಚಲನ್ ಸಂಖ್ಯೆ, 500 ಅಥವಾ 1,000 ರೂಪಾಯಿ. ಮೊತ್ತ ಸಣ್ಣದೇ ಇರುತ್ತದೆ, ಜಗಳ ಮಾಡುವಷ್ಟು ದೊಡ್ಡದಲ್ಲ. ಕೆಳಗೆ ಒಂದು ಫೈಲ್: ‘ಆರ್‌ಟಿಓ ಚಲನ್’ ಅಥವಾ ‘ಎಂಪರಿವಾಹನ್’ ಎಂಬ ಹೆಸರು, ಕೊನೆಯಲ್ಲಿ ‘ಡಾಟ್ ಎಪಿಕೆ’. ಅಂದರೆ ಅದು ಫೋಟೊ ಅಲ್ಲ, ಆ್ಯಪ್. ಫೋಟೊ ನೋಡೋಣ ಎಂದು ಅದನ್ನು ಒತ್ತಿದಿರಿ. ‘ಈ ಮೂಲದಿಂದ ಇನ್‌ಸ್ಟಾಲ್ ಮಾಡಬಹುದೇ’ ಎಂದು ಫೋನ್ ಕೇಳಿತು, ಹೂಂ ಎಂದಿರಿ. ‘ಎಸ್‌ಎಂಎಸ್ ಓದಲು ಅನುಮತಿ ಕೊಡಿ’ ಎಂದಿತು, ಅದಕ್ಕೂ ಹೂಂ. ಅಲ್ಲಿಗೆ ಮುಗಿಯಿತು. ನಿಮ್ಮ ಬ್ಯಾಂಕ್ ಕಳಿಸುವ ಒಟಿಪಿ ನೀವು ನೋಡುವ ಮೊದಲೇ ಅವನಿಗೆ ಹೋಗುತ್ತದೆ. ಅದು ಸಾಲದು ಎಂಬಂತೆ ಅದೇ ಫೈಲ್ ನಿಮ್ಮ ಹೆಸರಿನಲ್ಲೇ ನಿಮ್ಮ ಭಾವನಿಗೆ, ಬಾಸ್‌ಗೆ, ಅಪಾರ್ಟ್‌ಮೆಂಟ್ ಗುಂಪಿಗೆ ಹೋಗುತ್ತದೆ. ಪರಿಚಿತರ ನಂಬರಿನಿಂದ ಬಂತೆಂದು ಅವರೂ ಒತ್ತುತ್ತಾರೆ.

ನೆನಪಿಡಿ: ಪೊಲೀಸರಾಗಲಿ ಆರ್‌ಟಿಓ ಆಗಲಿ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ ಕಳಿಸಿ ದಂಡ ವಸೂಲಿ ಮಾಡುವುದಿಲ್ಲ. ಎಂಪರಿವಾಹನ್ ಆ್ಯಪ್ ಬೇಕಿದ್ದರೆ ಪ್ಲೇಸ್ಟೋರ್ ಅಥವಾ ಆ್ಯಪಲ್ ಸ್ಟೋರ್‌ನಿಂದ ನೀವೇ ಇಳಿಸಿಕೊಳ್ಳಿ.

ದಂಡ ನಿಜವಾಗಿ ಇದೆಯೇ ಎಂದು ನೋಡುವ ದಾರಿ:

• ಮೆಸೇಜಿನಲ್ಲಿರುವ ಲಿಂಕ್ ಮುಟ್ಟಬೇಡಿ. ಇ-ಚಲನ್ ಪರಿವಾಹನ್ ಸರ್ಕಾರಿ ತಾಣವನ್ನು ನೀವೇ ಟೈಪ್ ಮಾಡಿ ತೆರೆಯಿರಿ. ವಿಳಾಸ ‘ಡಾಟ್ ಗವ್ ಡಾಟ್ ಇನ್’ ಎಂದೇ ಮುಗಿಯಬೇಕು. ನಡುವೆ ಎಲ್ಲೋ ಗವ್ ಎಂದಿದ್ದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ನಕಲಿ.
• ಬೆಂಗಳೂರಿನವರಾದರೆ ಸಂಚಾರ ಪೊಲೀಸರ ಬಿಟಿಪಿ ಅಸ್ತ್ರಂ ಆ್ಯಪ್, ಇಲ್ಲವೇ ಬೆಂಗಳೂರು ಒನ್ ಕೇಂದ್ರ.
• ಅಸಲಿ ಚಲನ್‌ನಲ್ಲಿ ಸ್ಥಳ, ದಿನಾಂಕ, ಸಮಯ ಇರುತ್ತದೆ. ಕ್ಯಾಮೆರಾ ಹಿಡಿದದ್ದಾದರೆ ಫೋಟೊ ಕೂಡ. ಆ ದಿನ ನಿಮ್ಮ ಗಾಡಿ ಅಲ್ಲಿ ಇತ್ತೇ ಎಂದು ಹೊಂದಿಸಿ ನೋಡಿ.
• ಫೋನ್ ಬರಲಿ, ಮೆಸೇಜ್ ಬರಲಿ, ಗಾಡಿ ಓಡಿಸುತ್ತಿರುವಾಗ ನೋಡಬೇಡಿ. ಪಕ್ಕಕ್ಕೆ ನಿಲ್ಲಿಸಿ, ಇಳಿದು ನೋಡಿ. ನಿಂತವನಿಗೆ ಬುದ್ಧಿ ಕೆಲಸ ಮಾಡುತ್ತದೆ. ಕಳ್ಳ ‘ಈಗಲೇ, ಈಗಲೇ’ ಎನ್ನುವುದು ನೀವು ನಿಲ್ಲಬಾರದು ಎಂದೇ.

ಇದೇ ಜಾಲದ ಬೇರೆ ಬೇರೆ ವೇಷಗಳೂ ಇವೆ. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ಎಂಬ ಹೆಚ್ಚಿನ ಭದ್ರತೆಯ ನಂಬರ್ ಪ್ಲೇಟ್ ಕಡ್ಡಾಯವೆಂದು 2023ರಲ್ಲಿ ಸರ್ಕಾರ ಹೇಳಿದಾಗ ನಕಲಿ ಬುಕಿಂಗ್ ತಾಣಗಳು ಹುಟ್ಟಿಕೊಂಡವು. ಗೂಗಲ್‌ನಲ್ಲಿ ಮೊದಲು ಕಂಡದ್ದನ್ನು ಒತ್ತಬೇಡಿ, ಸಾರಿಗೆ ಇಲಾಖೆಯ ತಾಣದಿಂದಲೇ ಹೋಗಿ. ‘ನಿಮ್ಮ ಫಾಸ್ಟ್ಯಾಗ್ ಕೆವೈಸಿ ಅವಧಿ ಮುಗಿದಿದೆ’ ಎಂದು ಬರುವ ಕರೆಯೂ ಇದೇ ಜಾತಿಯದು. 2022ರಲ್ಲಿ, ಕಾರಿನ ಗಾಜು ಒರೆಸುವ ಹುಡುಗ ಕೈಗಡಿಯಾರದಿಂದ ಫಾಸ್ಟ್ಯಾಗ್ ದುಡ್ಡು ಕದಿಯುವ ವಿಡಿಯೊ ಊರೆಲ್ಲ ಸುತ್ತಿತು. ಅದು ಸುಳ್ಳು. ಫಾಸ್ಟ್ಯಾಗ್ ಹಣ ನೋಂದಾಯಿತ ಟೋಲ್, ಪಾರ್ಕಿಂಗ್ ಸಂಸ್ಥೆಗಳಿಗಷ್ಟೇ ಹೋಗುತ್ತದೆ, ದಾರಿಹೋಕನಿಗಲ್ಲ. ಗಾಜು ಒರೆಸುವ ಬಡ ಹುಡುಗನನ್ನು ಅನುಮಾನಿಸಿ, ಫೋನಿನಲ್ಲಿ ‘ಸರ್’ ಎನ್ನುವ ವಂಚಕನಿಗೆ ಒಟಿಪಿ ಹೇಳುತ್ತೇವೆ!

■ ರಸ್ತೆಯಲ್ಲಿ ತಡೆದರೆ?

ಗಾಡಿ ನಿಲ್ಲಿಸಿ. ದಾಖಲೆ ತೋರಿಸುವುದು ನಿಮ್ಮ ಕರ್ತವ್ಯ. ಕೇಳುವ ಅಧಿಕಾರ ಇರುವುದು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಮತ್ತು ಸಾರಿಗೆ ಇಲಾಖೆಯ ಅಧಿಕೃತ ಅಧಿಕಾರಿಗೆ. ಮಫ್ತಿಯಲ್ಲಿ ಬಂದು ‘ಡಿಎಲ್ ಕೊಡು’ ಎಂದವನಿಗೆ ಗುರುತಿನ ಚೀಟಿ ತೋರಿಸಲು ವಿನಯದಿಂದಲೇ ಹೇಳಿ.

ಡಿಜಿಲಾಕರ್, ಎಂಪರಿವಾಹನ್‌ನಲ್ಲಿರುವ ಡಿಎಲ್, ಆರ್‌ಸಿ ಕಾಗದದಷ್ಟೇ ಸಿಂಧು. 2018ರಲ್ಲೇ ಕೇಂದ್ರ ನಿಯಮ ತಿದ್ದಿದೆ. ಗ್ಯಾಲರಿಯಲ್ಲಿರುವ ಫೋಟೊ ಮಾತ್ರ ಡಿಜಿಲಾಕರ್ ಅಲ್ಲ, ಅದು ನಡೆಯುವುದಿಲ್ಲ. ಪರದೆ ತೋರಿಸುವುದು ಬೇರೆ, ಬೀಗ ತೆಗೆದ ಫೋನನ್ನು ಕೈಗೊಪ್ಪಿಸುವುದು ಬೇರೆ. ದಂಡ ಕಟ್ಟಿದರೆ ರಸೀದಿ ಕೇಳಿ. ಯಾರದೋ ಖಾಸಗಿ ನಂಬರಿಗೆ ಫೋನ್‌ಪೇ ಮಾಡು ಎಂದರೆ ಮಾಡಬೇಡಿ. ಅದು ದಂಡವಲ್ಲ, ಲಂಚ. ಕೊಟ್ಟವನೂ ಅದರ ಪಾಲುದಾರ.

■ ಮಾಹಿತಿ ಸೋರುವ ಜಾಗಗಳು

ಆರ್‌ಟಿಓ ಎದುರಿನ ಜೆರಾಕ್ಸ್ ಅಂಗಡಿ. ‘ಈ ನಂಬರಿಗೆ ವಾಟ್ಸ್ಆ್ಯಪ್ ಮಾಡಿ ಸಾರ್’ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ನೀವು ಆಧಾರ್, ಡಿಎಲ್, ಇನ್ಶೂರೆನ್ಸ್ ಎಲ್ಲ ಕಳಿಸುತ್ತೀರಿ. ಹುಡುಗ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಯುತ್ತಾನೆ. ನೀವು ಎರಡು ರೂಪಾಯಿ ಚಿಲ್ಲರೆಗೆ ಚೌಕಾಸಿ ಮಾಡಿ ಹೊರಡುತ್ತೀರಿ. ನಿಮ್ಮ ಫೈಲ್ ಆ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ನಿಮ್ಮ ಹಿಂದೆ ಸಾಲಿನಲ್ಲಿ ನಿಂತಿದ್ದವರ ಫೈಲುಗಳ ಜೊತೆ. ಸರಿಯಾಗಿ ಬಾರದ ಪ್ರತಿ ಕೆಳಗಿನ ಡಬ್ಬದಲ್ಲಿ ಬಿದ್ದಿರುತ್ತದೆ. ಸಂಜೆ ಆ ಕಾಗದದಲ್ಲಿ ಕಡಲೆಕಾಯಿ ಕಟ್ಟಿ ಕೊಟ್ಟರೂ ಆಶ್ಚರ್ಯವಿಲ್ಲ.

ಅಂಗಡಿಯವನು ಕಳ್ಳನಲ್ಲ. ಆದರೆ ಆ ಕಂಪ್ಯೂಟರಿಗೆ ಬೀಗವಿಲ್ಲ. ಆದ್ದರಿಂದ ಕಣ್ಣೆದುರೇ ಅಳಿಸಿ ಎಂದು ಹೇಳಿ, ಕೆಟ್ಟ ಪ್ರತಿ ಹರಿದು ಹಾಕಿ. ಆಧಾರ್ ಕೊಡಲೇಬೇಕಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುತ್ತದೆಯೇ ಎಂದು ಕೇಳಿ. ಪ್ರತಿಯ ಮೇಲೆ ‘ಇನ್ಶೂರೆನ್ಸ್ ನವೀಕರಣಕ್ಕೆ ಮಾತ್ರ’ ಎಂದು ಅಡ್ಡಲಾಗಿ ಬರೆದು ದಿನಾಂಕ ಹಾಕಿ, ಸಹಿ ಮಾಡಿ. ಒಂದು ಸಾಲಿನ ಶಾಯಿ ನಿಮ್ಮ ಹೆಸರಿನಲ್ಲಿ ಇನ್ಯಾರೋ ಸಿಮ್ ಕೊಳ್ಳುವುದನ್ನು ಕಷ್ಟ ಮಾಡುತ್ತದೆ.

ಪೆಟ್ರೋಲ್ ಬಂಕಿನ ಲಕ್ಕಿ ಡ್ರಾ ಚೀಟಿ, ಮಾಲ್‌ನಲ್ಲಿ ‘ಕಾರು ಗೆಲ್ಲಿ’ ಡಬ್ಬಿ: ಹೆಸರು, ನಂಬರು, ಗಾಡಿ ಮಾಡೆಲ್ ಬರೆದು ಹಾಕುವ ಮೊದಲು ಅದು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿ. ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ ಮೊಬೈಲ್ ನಂಬರು, ಹಿಂದೆ ಮಕ್ಕಳ ಹೆಸರು, ಶಾಲೆಯ ಸ್ಟಿಕ್ಕರ್, ಅಪಾರ್ಟ್‌ಮೆಂಟ್ ಹೆಸರು: ಹಿಂದೆ ಬರುವ ಅಪರಿಚಿತನಿಗೆ ನಿಮ್ಮ ಮನೆಯ ದಾರಿ ತಿಳಿಯಲು ಇನ್ನೇನು ಬೇಕು? ಪಾರ್ಕಿಂಗ್ ಮಾಡಿದಾಗ ನಂಬರಿನ ಚೀಟಿ ಇಡಿ, ಹೊರಡುವಾಗ ತೆಗೆದಿಡಿ.

■ ಗಾಡಿ ಮಾರುವವರೇ, ಜೋಪಾನ

ಕೀ ಕೊಟ್ಟು, ಕಾಸು ಎಣಿಸಿಕೊಂಡು, ‘ಟ್ರಾನ್ಸ್‌ಫರ್ ನೀವೇ ಮಾಡಿಸಿಕೊಳ್ಳಿ’ ಎಂದು ಬಿಟ್ಟರೆ ಗಾಡಿ ಇನ್ನೂ ನಿಮ್ಮದೇ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ಗಾಡಿ ಎಷ್ಟು ಕೈ ಬದಲಾಗಿದ್ದರೂ ಅಪಘಾತದ ಹೊಣೆ ದಾಖಲೆಯಲ್ಲಿ ಹೆಸರಿರುವ ಮಾಲೀಕನದೇ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಬೇಡಿ. ಫಾರಂ 29, 30 ಸಲ್ಲಿಸಿ. ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ. ಫಾಸ್ಟ್ಯಾಗ್ ಮುಚ್ಚಿಸಿ. ಕಾರಿನ ಪರದೆಗೆ ಬ್ಲೂಟೂತ್‌ನಲ್ಲಿ ಸೇರಿದ ಫೋನ್ ಬುಕ್, ಕರೆಗಳ ಪಟ್ಟಿ, ‘ಮನೆ’ ಎಂದು ಉಳಿಸಿದ ವಿಳಾಸ ಎಲ್ಲ ಅಳಿಸಿ. ಬಾಡಿಗೆ ಕಾರು ವಾಪಸ್ ಕೊಡುವಾಗಲೂ ಇದೇ ಕೆಲಸ.

ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕುವಾಗ ಆರ್‌ಸಿ ಫೋಟೊ ಹಾಕಬೇಡಿ. ‘ನಾನು ಸೈನ್ಯದಲ್ಲಿದ್ದೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ’ ಎಂದವನು ಸೈನಿಕನಲ್ಲ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುವುದೇ ಹೊರತು ಬರುವುದಲ್ಲ.

■ ಬಂಗಾರದ ಗಳಿಗೆ: ರಸ್ತೆಗೂ, ಬ್ಯಾಂಕಿಗೂ

ಪೆಟ್ಟಾದ ಮೇಲಿನ ಮೊದಲ ಒಂದು ಗಂಟೆಯನ್ನು ಮೋಟಾರು ವಾಹನ ಕಾಯ್ದೆಯೇ ‘ಗೋಲ್ಡನ್ ಅವರ್’ ಎಂದು ಹೆಸರಿಸಿದೆ. ಆದರೂ ಗಾಯಾಳುವಿನ ಸುತ್ತ ನಿಂತು ವಿಡಿಯೊ ಮಾಡುತ್ತೇವೆ. ಮುಟ್ಟಿದರೆ ಪೊಲೀಸ್ ಸ್ಟೇಷನ್ ಅಲೆಯಬೇಕು ಎಂಬ ಹಳೆಯ ಭಯ. ಆ ಕಾಲ ಹೋಯಿತು. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಿಗೆ ಬಂದವರನ್ನು ಕಾಪಾಡುವ ಮಾರ್ಗಸೂಚಿಗೆ ಮುದ್ರೆ ಒತ್ತಿತು. ಕರ್ನಾಟಕ ತನ್ನದೇ ಕಾಯ್ದೆ ಮಾಡಿತು. 2019ರ ತಿದ್ದುಪಡಿ 134ಎ ಕಲಂ ತಂದಿತು. ನೆರವಿಗೆ ಬಂದವರನ್ನು ಹೆಸರು, ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಅವರ ಮೇಲೆ ಕೇಸು ಹಾಕುವಂತಿಲ್ಲ. ನಿಮ್ಮ ಒಳ್ಳೆಯತನಕ್ಕೂ ನಿಮ್ಮ ಗುರುತಿಗೂ ಕಾನೂನಿನ ರಕ್ಷಣೆ ಇದೆ. 2025ರಿಂದ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಯೋಜನೆಯೂ ಬಂದಿದೆ. ‘ದುಡ್ಡು ಯಾರು ಕಟ್ತಾರೆ’ ಎಂದು ನಿಲ್ಲಬೇಡಿ. 112ಕ್ಕೆ ಅಥವಾ 108ಕ್ಕೆ ಕರೆ ಮಾಡಿ, ಹೆದ್ದಾರಿಯಲ್ಲಿದ್ದರೆ 1033ಕ್ಕೆ.

ವಿಡಿಯೊ ಮಾಡಲೇಬೇಕೆಂದರೆ ಪೊಲೀಸರಿಗೆ ಕೊಡಿ, ಗುಂಪಿಗೆ ಹಾಕಬೇಡಿ. ಮಗ ಸತ್ತ ಸುದ್ದಿ ತಾಯಿಗೆ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ತಿಳಿಯಬಾರದು. ಇನ್ನೊಂದೂ ಇದೆ: ‘ನಿಮ್ಮ ಮಗನಿಗೆ ಆ್ಯಕ್ಸಿಡೆಂಟ್ ಆಗಿದೆ, ಆಪರೇಷನ್‌ಗೆ ತಕ್ಷಣ ದುಡ್ಡು ಹಾಕಿ’ ಎಂಬ ಸುಳ್ಳು ಕರೆ. ಮೊದಲು ಮಗನಿಗೆ ಫೋನ್ ಮಾಡಿ. ಸಿಗದಿದ್ದರೆ ಆಸ್ಪತ್ರೆಯ ಹೆಸರು ಕೇಳಿ, ಆ ಆಸ್ಪತ್ರೆಯ ನಂಬರನ್ನು ನೀವೇ ಹುಡುಕಿ ಕರೆ ಮಾಡಿ.

ದುಡ್ಡು ಹೋದಾಗಲೂ ಮೊದಲ ಗಂಟೆಯೇ ಬಂಗಾರ. ನಾಚಿಕೆಪಟ್ಟು ಮುಚ್ಚಿಡಬೇಡಿ. ಇಂಟರ್‌ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ಹಣ ಕಳ್ಳನ ಖಾತೆಯಿಂದ ಇನ್ನೊಂದು ಖಾತೆಗೆ ಹಾರುವ ಮೊದಲೇ ತಡೆಹಿಡಿಯುವ ಅವಕಾಶ ಇರುವುದು ಆಗ ಮಾತ್ರ.

■ ನಮ್ಮ ಹಕ್ಕೊತ್ತಾಯ

ಎಲ್ಲ ಹೊಣೆಯೂ ಜನರ ತಲೆಗೇ ಕಟ್ಟಿದರೆ ಆಗದು. 2019ರಲ್ಲಿ ಕೇಂದ್ರ ಸರ್ಕಾರ ವಾಹನ ನೋಂದಣಿ ಮತ್ತು ಲೈಸೆನ್ಸ್ ಮಾಹಿತಿಯನ್ನು ಸಗಟಾಗಿ ಕಂಪನಿಗಳಿಗೆ ಮಾರುವ ನೀತಿ ತಂದಿತು. ಖಾಸಗಿತನಕ್ಕೆ ಧಕ್ಕೆಯೆಂಬ ಆಕ್ಷೇಪ ಎದ್ದು 2020ರಲ್ಲಿ ಕೈಬಿಟ್ಟಿತು. ಮಾಹಿತಿ ಹಂಚಿಕೆಯಿಂದ 111 ಕೋಟಿ ರೂಪಾಯಿಗೂ ಹೆಚ್ಚು ಬಂದಿದೆ ಎಂದು 2021ರಲ್ಲಿ ಸಂಸತ್ತಿಗೆ ತಿಳಿಸಿತು. ನಾವು ಸಾಲಿನಲ್ಲಿ ನಿಂತು ಕೊಟ್ಟ ಮಾಹಿತಿ, ನಮ್ಮನ್ನು ಕೇಳದೆ ಮಾರಿದ ಮಾಹಿತಿ!

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಹೋರಾಟಕ್ಕೆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಇಳಿವಯಸ್ಸಿನಲ್ಲಿ ಕೋರ್ಟ್ ಮೆಟ್ಟಿಲು ಹತ್ತಿ ಗೆದ್ದುಕೊಟ್ಟ ಹಕ್ಕನ್ನು ನಾವು ಕೇಳಿ ಪಡೆಯಬೇಕು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಕಾಗದದಲ್ಲೇ ಉಳಿಯಬಾರದು. ಆದ್ದರಿಂದ:

1. ರಸ್ತೆ ಕ್ಯಾಮೆರಾಗಳಿಗೆ ನಮ್ಮ ವಿರೋಧವಿಲ್ಲ, ಅವು ಜೀವ ಉಳಿಸುತ್ತವೆ. ಆದರೆ ಅವು ಹಿಡಿದ ಮಾಹಿತಿ ಎಷ್ಟು ದಿನ ಇರುತ್ತದೆ, ಯಾರು ನೋಡಬಹುದು ಎಂದು ಇಲಾಖೆ ಕನ್ನಡದಲ್ಲಿ ಪ್ರಕಟಿಸಲಿ.
2. ಪ್ರತಿ ಆರ್‌ಟಿಓ, ಪ್ರತಿ ಸಂಚಾರ ಠಾಣೆಯ ಬಾಗಿಲಲ್ಲಿ ‘ನಾವು ಎಪಿಕೆ ಫೈಲ್ ಕಳಿಸುವುದಿಲ್ಲ’ ಎಂಬ ಫಲಕ ಹಾಕಲಿ.
3. ಜೆರಾಕ್ಸ್ ಅಂಗಡಿ, ಡ್ರೈವಿಂಗ್ ಸ್ಕೂಲ್, ಶೋರೂಂ, ಏಜೆಂಟರು ಗ್ರಾಹಕರ ದಾಖಲೆಯನ್ನು ಕೆಲಸ ಮುಗಿದ ದಿನವೇ ಅಳಿಸಲಿ.
4. ಬೀದಿದೀಪ ಇಲ್ಲದ ತಿರುವು, ಬಣ್ಣ ಬಳಿಯದ ಹಂಪ್, ಬಾಯ್ದೆರೆದ ಗುಂಡಿಗೆ ಹೊಣೆಯಾದ ಎಂಜಿನಿಯರ್ ಹುದ್ದೆ, ಕಚೇರಿಯ ದೂರವಾಣಿ ಅಲ್ಲೇ ಫಲಕದಲ್ಲಿರಲಿ. ಸವಾರನ ಹೆಸರು, ವಿಳಾಸ ಎಲ್ಲ ಸರ್ಕಾರಕ್ಕೆ ಗೊತ್ತಿರುವಾಗ ಗುಂಡಿಯ ಹೊಣೆಗಾರರ ವಿಳಾಸ ನಮಗೂ ಗೊತ್ತಿರಲಿ.

■ ಈ ಭಾನುವಾರವೇ ಮಾಡಿ

□ ಮನೆಯ ಎಲ್ಲ ಹೆಲ್ಮೆಟ್‌ಗಳ ಪಟ್ಟಿ, ಐಎಸ್‌ಐ ಗುರುತು ನೋಡಿ. ಅರ್ಧ ಹೆಲ್ಮೆಟ್ ಎಸೆಯಿರಿ.
□ ಡಿಜಿಲಾಕರ್‌ನಲ್ಲಿ ಡಿಎಲ್, ಆರ್‌ಸಿ ಇಳಿಸಿಕೊಳ್ಳಿ.
□ ಫೋನ್ ಸೆಟ್ಟಿಂಗ್‌ನಲ್ಲಿ ‘ಅಪರಿಚಿತ ಮೂಲದಿಂದ ಇನ್‌ಸ್ಟಾಲ್’ ಅನುಮತಿ ತೆಗೆಯಿರಿ. ಅಪ್ಪ ಅಮ್ಮನ ಫೋನಿನಲ್ಲೂ.
□ ಸರ್ಕಾರಿ ತಾಣದಲ್ಲಿ ನಿಮ್ಮ ಗಾಡಿಯ ಬಾಕಿ ದಂಡ ನೋಡಿ ಕಟ್ಟಿಬಿಡಿ. ಬಾಕಿ ಇಲ್ಲದವನಿಗೆ ಸುಳ್ಳು ಚಲನ್ ತೋರಿಸಿ ಹೆದರಿಸಲಾಗದು.
□ ಹಿಂದೆ ಮಾರಿದ ಗಾಡಿ ಇನ್ನೂ ನಿಮ್ಮ ಹೆಸರಿನಲ್ಲಿದೆಯೇ ನೋಡಿ.
□ 112, 108, 1033, 1930 ಈ ನಾಲ್ಕು ನಂಬರ್ ಫೋನಿನಲ್ಲಿ ಉಳಿಸಿಕೊಳ್ಳಿ.

ನಿಮ್ಮ ಬೀದಿಯ ಆಟೊ ಸ್ಟ್ಯಾಂಡಿನಲ್ಲಿ, ಹಾಲಿನ ಬೂತಿನಲ್ಲಿ, ಅಪಾರ್ಟ್‌ಮೆಂಟ್ ಸಭೆಯಲ್ಲಿ, ಸಂಘದ ವಾರದ ಕೂಟದಲ್ಲಿ ಇದನ್ನು ಗಟ್ಟಿಯಾಗಿ ಓದಿ. ಫೋನ್ ಬಳಸಲು ತಡವರಿಸುವ ಹಿರಿಯರ ಪಕ್ಕ ಕೂತು ಸೆಟ್ಟಿಂಗ್ ಬದಲಿಸಿಕೊಡಿ. ಹಕ್ಕೊತ್ತಾಯದ ಪಟ್ಟಿಗೆ ಹತ್ತು ಜನರ ಸಹಿ ಹಾಕಿಸಿ ನಿಮ್ಮ ಆರ್‌ಟಿಓ ಕಚೇರಿಗೆ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.

ಹೆಲ್ಮೆಟ್ ನಮ್ಮ ತಲೆಗೆ, ಪೊಲೀಸರ ಕಣ್ಣಿಗಲ್ಲ!
ದಂಡ ಇದ್ದರೆ ಕಟ್ಟುತ್ತೇವೆ, ಲಿಂಕ್ ಮಾತ್ರ ಒತ್ತುವುದಿಲ್ಲ!
ಗಾಯಾಳುವಿನ ಕೈ ಹಿಡಿಯುತ್ತೇವೆ, ಕ್ಯಾಮೆರಾ ಹಿಡಿಯುವುದಿಲ್ಲ!
ನಮ್ಮ ಮಾಹಿತಿ ನಮ್ಮದು, ಮಾರಾಟಕ್ಕಿಲ್ಲ!

— ಇದೇ ರಸ್ತೆಯಲ್ಲಿ ದಿನಾ ಗಾಡಿ ಓಡಿಸುವ ನಾವು